ಗಂಟೆ ಲೆಕ್ಕ, ಎಂಬಿ ಲೆಕ್ಕ, ತಂತಿಯ ಲೆಕ್ಕ

1995ರ ಆಗಸ್ಟ್ 15ರಂದು ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಮಾರಾಟಕ್ಕೆ ಬಂತು. ಮಾರುತ್ತಿದ್ದದ್ದು ಒಂದೇ ಕಂಪನಿ: ಸರ್ಕಾರಿ ಸ್ವಾಮ್ಯದ ವಿದೇಶ ಸಂಚಾರ ನಿಗಮ, ಎಲ್ಲರ ಬಾಯಲ್ಲಿ ವಿಎಸ್‌ಎನ್‌ಎಲ್. ಹೋಲಿಸಿ ನೋಡಲು ಎರಡನೆಯವರಿರಲಿಲ್ಲ. ಆ ಒಂದೇ ಕಂಪನಿಯ ನಾನಾ ಬಗೆಯ ಖಾತೆಗಳಲ್ಲಿ ಯಾವುದು ಕೈಗೆಟುಕುತ್ತದೆ ಎಂದು ನೋಡುವುದಷ್ಟೇ ಆಯ್ಕೆ. ಚಿತ್ರಗಳಿರುವ ಪುಟ ನೋಡಬೇಕೆಂದರೆ ಟಿಸಿಪಿ/ಐಪಿ ಖಾತೆ ಬೇಕು. ಅದಕ್ಕೆ 15,000 ರೂಪಾಯಿ, ಸಿಗುವುದು 250 ಗಂಟೆ. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಶೆಲ್ ಖಾತೆ ಇತ್ತು. ಕಪ್ಪು ಪರದೆಯ ಮೇಲೆ ಬರೀ ಅಕ್ಷರ, ಚಿತ್ರದ ಮಾತೇ ಇಲ್ಲ.

15,000 ರೂಪಾಯಿಗೆ ಏನು ದಕ್ಕುತ್ತಿತ್ತು ಎಂದು ಇವತ್ತು ಕೂತು ಲೆಕ್ಕ ಹಾಕಬಹುದು. ಡಯಲ್-ಅಪ್‌ನ ವೇಗ ಸೆಕೆಂಡಿಗೆ 9.6 ಕಿಲೋಬಿಟ್. 250 ಗಂಟೆಯೆಂದರೆ 9 ಲಕ್ಷ ಸೆಕೆಂಡು. ಎಲ್ಲೂ ತಡೆಯಿಲ್ಲದೆ ಪೂರ್ತಿ ವೇಗದಲ್ಲಿ ಇಳಿಸಿಕೊಂಡರೂ ಒಟ್ಟು ಸಿಗುವುದು ಒಂದು ಜಿಬಿಗಿಂತ ಚೂರು ಹೆಚ್ಚು. ಈಗಿನ 100 ಎಂಬಿಪಿಎಸ್ ಸಂಪರ್ಕದಲ್ಲಿ ಅಷ್ಟೇ ಡೇಟಾ ಒಂದೂವರೆ ನಿಮಿಷದೊಳಗೆ ಬಂದು ಬೀಳುತ್ತದೆ.

ಆದರೆ ಆಗ ಯಾರೂ ಜಿಬಿಯ ಲೆಕ್ಕ ಇಡುತ್ತಿರಲಿಲ್ಲ. ಮನೆಗೆ ಇಂಟರ್‌ನೆಟ್ ಆರಿಸಿಕೊಳ್ಳುವ ಈ ಮೂವತ್ತು ವರ್ಷಗಳ ಚರಿತ್ರೆಯಲ್ಲಿ ಅಳತೆಗೋಲೇ ಮತ್ತೆ ಮತ್ತೆ ಬದಲಾಗಿದೆ. ಮೊದಲು ಗಂಟೆ, ಆಮೇಲೆ ಎಂಬಿ, ಆಮೇಲೆ ಎಂಬಿಪಿಎಸ್. ಪ್ರತಿ ಸಲವೂ ಗಿರಾಕಿ ದರಪಟ್ಟಿ ಮುಂದಿಟ್ಟುಕೊಂಡು ಕೂಡಿಸಿ ಕಳೆದು ನೋಡಿದ. ಆಯ್ಕೆಯನ್ನು ಬಹುಪಾಲು ತೀರ್ಮಾನಿಸಿದ್ದು ಮಾತ್ರ ದರಪಟ್ಟಿಯಲ್ಲಿಲ್ಲದ ಇನ್ನೊಂದು ಸಂಗತಿ: ಕಂಬದಿಂದ ಮನೆಯ ಗೋಡೆಯವರೆಗೆ ಬಂದಿರುವ ತಂತಿ ಯಾರದು, ಅದು ತುಂಡಾದರೆ ಜೋಡಿಸಲು ಬರುವವರು ಯಾರು.

ಪಲ್ಸ್ ಓಡುತ್ತಿದ್ದ ಕಾಲ

ಬೆಂಗಳೂರಿಗೆ ಜಾಲ 1995ಕ್ಕೂ ಮೊದಲೇ ಬಂದಿತ್ತು, ಮನೆಗಳಿಗೆ ಬಂದಿರಲಿಲ್ಲ ಅಷ್ಟೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ಹೊರದೇಶದೊಂದಿಗೆ ನೇರ ಸಂಪರ್ಕ ಇಟ್ಟುಕೊಂಡಿತು. 1986ರಲ್ಲಿ ಶುರುವಾದ ಎರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಎಂಟು ಮೂಲ ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯ ಲ್ಯಾಬಿನಲ್ಲಿ ಕೂತವರು ಇ-ಮೇಲ್ ಕಳಿಸುತ್ತಿದ್ದಾಗ ಪಕ್ಕದ ಮಲ್ಲೇಶ್ವರದ ಮನೆಯವರಿಗೆ ಫೋನ್ ಸಿಗುವುದೇ ಕಷ್ಟವಿತ್ತು.

ವಿಎಸ್‌ಎನ್‌ಎಲ್ ಸೇವೆ ಮೊದಲು ಬಂದದ್ದು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಿಗೆ. ಸ್ವಲ್ಪ ಸಮಯದಲ್ಲೇ ಬೆಂಗಳೂರು, ಪುಣೆ ಸೇರಿಕೊಂಡವು. ಮೋಡೆಮ್‌ಗಳು ಸಾಲದೆ, ಲೈನುಗಳು ಕೈಕೊಟ್ಟು ಆರಂಭದ ತಿಂಗಳುಗಳಲ್ಲಿ ಗೋಳು ಎಷ್ಟಿತ್ತೆಂದರೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಿ.ಕೆ. ಸಿಂಗಲ್ ಬಹಿರಂಗವಾಗಿಯೇ ತಪ್ಪೊಪ್ಪಿಕೊಂಡರು. ನೋಡ್, ಅಂದರೆ ಡಯಲ್ ಮಾಡಿ ಸೇರಿಕೊಳ್ಳುವ ಕೇಂದ್ರ, ಇಲ್ಲದ ಊರಿನವರ ಪಾಡು ಇನ್ನೂ ಬೇರೆ. ಅವರು ಬೆಂಗಳೂರಿಗೆ ಎಸ್‌ಟಿಡಿ ಕರೆ ಮಾಡಿ ಜಾಲಕ್ಕೆ ಹೋಗಬೇಕಿತ್ತು. ಖಾತೆಯ ಹಣ ಒಂದು ಕಡೆ, ಫೋನ್ ಬಿಲ್ ಇನ್ನೊಂದು ಕಡೆ. ಲೋಕಲ್ ಕರೆಯಾದರೂ ಕೆಲವು ನಿಮಿಷಕ್ಕೊಮ್ಮೆ ಬಿಲ್ಲಿಗೆ ಒಂದು ಪಲ್ಸ್ ಬೀಳುತ್ತಿತ್ತು.

ಹಾಗಾಗಿ ಬಳಕೆಯ ರೀತಿಯೂ ಆ ಲೆಕ್ಕಕ್ಕೆ ಒಗ್ಗಿಕೊಂಡಿತು. ಪತ್ರವನ್ನು ಮೊದಲೇ ಬರೆದಿಟ್ಟುಕೊಂಡು, ಕನೆಕ್ಟ್ ಆದ ಕೂಡಲೇ ಕಳಿಸಿ, ಬಂದದ್ದನ್ನು ಇಳಿಸಿಕೊಂಡು, ಲೈನ್ ಕಡಿದು, ನಿಧಾನವಾಗಿ ಓದುವುದು. ಅಮೆರಿಕಕ್ಕೆ ನಿಮಿಷಕ್ಕೆ 60 ರೂಪಾಯಿ ದಾಟಿದ್ದ ಐಎಸ್‌ಡಿ ಕರೆಗೆ ಹೋಲಿಸಿದರೆ ಇ-ಮೇಲ್ ಬಹಳ ಅಗ್ಗ. ಮಕ್ಕಳು ಹೊರದೇಶದಲ್ಲಿದ್ದ ಮನೆಗಳಿಗೆ ಇಂಟರ್‌ನೆಟ್ ಬೇಕೆನಿಸಲು ಅದೊಂದೇ ಕಾರಣ ಸಾಕಿತ್ತು.

ಮನೆಯಲ್ಲಿ ಆಗದವರು ಅಂಗಡಿಗೆ ಹೋದರು. 1996ರ ಜುಲೈನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕಾಫಿ ಡೇ ಅಸಲಿಗೆ ಒಂದು ಸೈಬರ್ ಕೆಫೆ. ಒಂದು ಕಪ್ ಕಾಫಿ ಮತ್ತು ಒಂದು ಗಂಟೆ ಇಂಟರ್‌ನೆಟ್‌ಗೆ 100 ರೂಪಾಯಿ ಎಂಬುದು ಅಲ್ಲಿನ ದರ.

ಪ್ಯಾಕ್ ಕೊಂಡು ತಂದವರು

1998ರ ನವೆಂಬರ್‌ನಲ್ಲಿ ಸರ್ಕಾರ ಇಂಟರ್‌ನೆಟ್ ಸೇವೆಯನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಪರವಾನಗಿಯಲ್ಲಿ ಮೂರು ದರ್ಜೆ: ‘ಎ’ ಇಡೀ ದೇಶಕ್ಕೆ, ‘ಬಿ’ ಒಂದು ಟೆಲಿಕಾಂ ವೃತ್ತಕ್ಕೆ, ‘ಸಿ’ ಅದಕ್ಕಿಂತ ಸಣ್ಣ ಪ್ರದೇಶಕ್ಕೆ. ಪರವಾನಗಿ ಶುಲ್ಕ ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಕಣಕ್ಕಿಳಿದದ್ದು ಸತ್ಯಂ ಇನ್ಫೋವೇ, ಮುಂದೆ ಸಿಫಿ ಎಂದಾದ ಕಂಪನಿ. ಮರುವರ್ಷವೇ ಅದು ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ಪಟ್ಟಿಯಾಯಿತು. ಭಾರ್ತಿಯವರ ಮಂತ್ರ ಆನ್‌ಲೈನ್, ಡಿಶ್‌ನೆಟ್ ಹೀಗೆ ಹೆಸರುಗಳು ಸಾಲುಗಟ್ಟಿದವು. ಕಂಪ್ಯೂಟರ್ ಅಂಗಡಿಗಳಲ್ಲಿ ಸಿಡಿ ಇಟ್ಟ ರಟ್ಟಿನ ಡಬ್ಬಿಗಳು ನೇತಾಡತೊಡಗಿದವು: 25 ಗಂಟೆ, 50 ಗಂಟೆ, 100 ಗಂಟೆ.

ಭಾರತದಲ್ಲಿ ಇಂಟರ್‌ನೆಟ್ ಕಂಪನಿಗಳನ್ನು ಗಿರಾಕಿ ನಿಜವಾಗಿ ಹೋಲಿಸತೊಡಗಿದ್ದು ಆಗ. ಗಂಟೆಗೆಷ್ಟು ಬೀಳುತ್ತದೆ, ಪ್ಯಾಕ್‌ನ ಅವಧಿ ಎಷ್ಟು ತಿಂಗಳು, ಉಳಿದ ಗಂಟೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ. ಡಬ್ಬಿಯ ಮೇಲೆ ಬರೆಯದ ಸಂಗತಿಯೊಂದಿತ್ತು: ಕಂಪನಿ ಎಷ್ಟು ಜನಕ್ಕೆ ಒಂದು ಫೋನ್ ಲೈನ್ ಇಟ್ಟಿದೆ ಎಂಬುದು. ಲೈನ್ ಕಡಿಮೆಯಾದರೆ ಸಂಜೆ ಏಳರ ಮೇಲೆ ಎಷ್ಟು ಸಲ ಡಯಲ್ ಮಾಡಿದರೂ ಎಂಗೇಜ್. ದುಡ್ಡಿಲ್ಲದೆಯೇ ಇಂಟರ್‌ನೆಟ್ ಕೊಡುತ್ತೇವೆ ಎಂದು ಕೋಲ್ಕತ್ತದ ಕಾಲ್‌ಟೈಗರ್ ಬಂದಾಗ ಜನ ಮುಗಿಬಿದ್ದರು. ಅಲ್ಲೂ ಫೋನ್ ಪಲ್ಸ್ ಮಾತ್ರ ಓಡುತ್ತಲೇ ಇತ್ತು. ಕಂಪನಿ ಯಾವುದೇ ಇರಲಿ, ಮನೆಯಿಂದ ಹೊರಡುವ ತಂತಿ ದೂರವಾಣಿ ಇಲಾಖೆಯದೇ, 2000ದ ಅಕ್ಟೋಬರ್ 1ರ ನಂತರ ಬಿಎಸ್‌ಎನ್‌ಎಲ್‌ನದೇ. ಇಂಟರ್‌ನೆಟ್ ಕಂಪನಿಗಳ ಪೈಪೋಟಿಯಲ್ಲಿ ತಪ್ಪದೆ ಲಾಭ ಕಂಡದ್ದು ಫೋನ್ ಬಿಲ್ಲಿನವರು.

ಈ ತಂತಿಯನ್ನು ತಪ್ಪಿಸಿ ಹೋಗಲು ದಾರಿ ಇದ್ದದ್ದು ಕೇಬಲ್ ಟಿವಿಯವರ ಬಳಿ. ಅಷ್ಟರಲ್ಲಾಗಲೇ ಬೀದಿ ಬೀದಿಯಲ್ಲಿ ಅವರ ತಂತಿ ಓಡಾಡಿತ್ತು, ಯಾರ ತಾರಸಿಗೆ ಏಣಿ ಹಾಕಲು ಯಾರನ್ನು ಕೇಳಬೇಕೆಂಬುದು ಅವರಿಗೆ ಗೊತ್ತಿತ್ತು. 2000ದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಹೊಸದೊಂದು ನೋಟ ಕಾಣಿಸಿತು. ತಾರಸಿಯ ನೀರಿನ ಟ್ಯಾಂಕ್ ಪಕ್ಕ ತಗಡಿನ ಪೆಟ್ಟಿಗೆ, ಅದರೊಳಗೊಂದು ಸ್ವಿಚ್, ಅಲ್ಲಿಂದ ಅಕ್ಕಪಕ್ಕದ ತಾರಸಿಗಳಿಗೆ ಎಳೆದ ನೀಲಿ, ಬೂದು ಬಣ್ಣದ ಲ್ಯಾನ್ ಕೇಬಲ್‌ಗಳು. ಸಿಫಿ ತನ್ನ ಬ್ರಾಡ್‌ಬ್ಯಾಂಡನ್ನು ಹರಡಿದ್ದು ಹೀಗೆ, ಕೇಬಲ್ ಆಪರೇಟರ್‌ಗಳ ಜೊತೆ ಪಾಲುದಾರಿಕೆಯಲ್ಲಿ. ಆ ಮನೆಯಲ್ಲಿ ಕರೆಂಟ್ ಹೋದರೆ ಈ ಮನೆಯಲ್ಲಿ ಇಂಟರ್‌ನೆಟ್ ಹೋಗುತ್ತಿತ್ತು. ಆದರೂ ಫೋನ್ ಎಂಗೇಜ್ ಆಗುವುದಿಲ್ಲ, ಪಲ್ಸ್ ಬೀಳುವುದಿಲ್ಲ ಎಂಬ ಎರಡು ಸುಖಕ್ಕೆ ಜನ ಆ ಕಷ್ಟ ಸಹಿಸಿಕೊಂಡರು.

ತಾಮ್ರದ ತಂತಿಯ ತೀರ್ಮಾನ

2004ರಲ್ಲಿ ತೆಗೆದುಕೊಂಡ, ಅಥವಾ ತೆಗೆದುಕೊಳ್ಳದೆ ಬಿಟ್ಟ, ಒಂದು ತೀರ್ಮಾನ ಮುಂದಿನ ಒಂದು ದಶಕ ಮನೆಮನೆಯ ಆಯ್ಕೆಯನ್ನು ಕಟ್ಟಿಹಾಕಿತು. ಆ ವರ್ಷದ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಶಿಫಾರಸು ಮಾಡಿತ್ತು. ಬಿಎಸ್‌ಎನ್‌ಎಲ್ ಮತ್ತು ದೆಹಲಿ, ಮುಂಬಯಿಗಳ ಎಂಟಿಎನ್‌ಎಲ್‌ಗಳ ಬಳಿ ಮನೆಗಳಿಗೆ ಎಳೆದ ಸುಮಾರು 4 ಕೋಟಿ ತಾಮ್ರದ ಲೈನುಗಳಿವೆ. ಬೇರೆ ಕಂಪನಿಗಳೂ ಬಾಡಿಗೆ ಕೊಟ್ಟು ಅದೇ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡಲಿ ಎಂಬುದು ಅದರ ತಿರುಳು. ಬ್ರಿಟನ್ ಮುಂತಾದ ದೇಶಗಳಲ್ಲಿ ನಡೆದದ್ದು ಅದೇ. ಅಲ್ಲಿ ಒಂದೇ ಫೋನ್ ಲೈನಿಗೆ ಹತ್ತಾರು ಕಂಪನಿಗಳ ಯೋಜನೆಗಳನ್ನು ಹೋಲಿಸಬಹುದಾಯಿತು. ಅಕ್ಟೋಬರ್‌ನಲ್ಲಿ ಹೊರಬಂದ ಬ್ರಾಡ್‌ಬ್ಯಾಂಡ್ ನೀತಿ ಇಲ್ಲಿ ಅದನ್ನು ಕಡ್ಡಾಯ ಮಾಡಲಿಲ್ಲ. ತಂತಿ ಇದ್ದವರ ಕೈಯಲ್ಲೇ ಉಳಿಯಿತು. ಉಳಿದವರು ತಮ್ಮ ತಂತಿಯನ್ನು ತಾವೇ ಎಳೆದುಕೊಳ್ಳಬೇಕಾಯಿತು.

ಅದೇ ನೀತಿ ಬ್ರಾಡ್‌ಬ್ಯಾಂಡ್ ಎಂದರೆ ಏನೆಂದೂ ಹೇಳಿತು: ಸದಾ ಚಾಲ್ತಿಯಲ್ಲಿರುವ, ಕನಿಷ್ಠ 256 ಕೆಬಿಪಿಎಸ್ ವೇಗದ ಸಂಪರ್ಕ. 2010ರ ಹೊತ್ತಿಗೆ 2 ಕೋಟಿ ಸಂಪರ್ಕಗಳ ಗುರಿ ಇತ್ತು. ಆ ವರ್ಷದ ಕೊನೆಗೆ ಮುಟ್ಟಿದ್ದು ಸುಮಾರು 1.1 ಕೋಟಿ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಲ್ಯಾಂಡ್‌ಲೈನಿಗೆ ಸ್ಪ್ಲಿಟರ್ ಎಂಬ ಬೆರಳುದ್ದದ ಡಬ್ಬಿ, ಅದರಿಂದ ಒಂದು ವೈರು ಫೋನಿಗೆ, ಇನ್ನೊಂದು ಮೋಡೆಮ್‌ಗೆ. ಮೋಡೆಮ್‌ನ ಮೇಲೆ ಸಾಲು ದೀಪ. ಅದರಲ್ಲಿ ‘ಡಿಎಸ್‌ಎಲ್’ ದೀಪ ಮಿನುಗದೆ ನಿಂತರೆ ಎಲ್ಲ ಸರಿ, ಮಿನುಗುತ್ತಲೇ ಇದ್ದರೆ ಎಕ್ಸ್‌ಚೇಂಜಿನಿಂದ ಸಿಗ್ನಲ್ ಬರುತ್ತಿಲ್ಲವೆಂದು ಅರ್ಥ. ಕಾಲ್ ಸೆಂಟರ್‌ನವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಆ ದೀಪದ್ದು. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಕುಸಿಯುವುದು ಫೋನ್ ತಂತಿಯ ಮೇಲೆ ಓಡುವ ಈ ಡಿಎಸ್‌ಎಲ್ ತಂತ್ರಜ್ಞಾನದ ಗುಣ. ನಡುವೆ ಜಾಯಿಂಟುಗಳು ಹೆಚ್ಚಿದ್ದರೆ, ಒಂದರಲ್ಲಿ ನೀರು ಹೊಕ್ಕರೆ, ಜಲಮಂಡಳಿಯವರು ರಸ್ತೆ ಅಗೆದರೆ ಅಲ್ಲಿಗೆ ಮುಗಿಯಿತು. ಮಲೆನಾಡು, ಕರಾವಳಿಗಳಲ್ಲಿ ಗುಡುಗು ಕೇಳಿದ ಕೂಡಲೇ ಫೋನ್ ವೈರು ಕಿತ್ತಿಡುವುದು ಮನೆಯವರಿಗೆಲ್ಲ ಅಭ್ಯಾಸವಾಯಿತು. ಮರೆತರೆ ಸಿಡಿಲಿಗೆ ಮೋಡೆಮ್ ಸುಟ್ಟುಹೋಗುತ್ತಿತ್ತು. ಒಂದೇ ಬೀದಿಯಲ್ಲಿ ಒಂದೇ ಯೋಜನೆ ಹಾಕಿಸಿಕೊಂಡ ಎರಡು ಮನೆಗಳಲ್ಲಿ ಒಂದು ಹೊಗಳುತ್ತಿದ್ದುದಕ್ಕೂ ಇನ್ನೊಂದು ಬೈಯುತ್ತಿದ್ದುದಕ್ಕೂ ಕಾರಣ ಇಂಥದ್ದೇ.

ಲೆಕ್ಕ ಈಗ ಗಂಟೆಯಿಂದ ಎಂಬಿಗೆ ಬಂತು. ಹೋಮ್ 250, ಹೋಮ್ 500 ಎಂಬ ಯೋಜನೆಗಳ ಹೆಸರಲ್ಲೇ ತಿಂಗಳ ಬಾಡಿಗೆ ಇತ್ತು. ಮಿತಿ ದಾಟಿದರೆ ಪ್ರತಿ ಎಂಬಿಗೂ ಹಣ. 2007ರ ಜನವರಿ 1ರಿಂದ ವೇಗವನ್ನು 2 ಎಂಬಿಪಿಎಸ್‌ವರೆಗೆ ಏರಿಸಿದಾಗ ಜನ ಹಿಗ್ಗಿದರು. ಆದರೆ ಆ ವೇಗದಲ್ಲಿ 1 ಜಿಬಿ ಮಿತಿ ಮುಗಿಯಲು ಒಂದು ಗಂಟೆ ಹತ್ತು ನಿಮಿಷವೂ ಬೇಡ. ತಿಂಗಳ ಕೊನೆಗೆ ಬಂದ ಬಿಲ್ ನೋಡಿ ಹೌಹಾರಿದ ಮನೆಗಳು ಲೆಕ್ಕವಿಲ್ಲದಷ್ಟು.

ಅದಕ್ಕೆ ಜನ ಕಂಡುಕೊಂಡ ಉಪಾಯ ರಾತ್ರಿ. ಹೋಮ್ 500 ಯೋಜನೆಯಲ್ಲಿ ನಡುರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆ ಲೆಕ್ಕಕ್ಕಿಲ್ಲ. ಎರಡಕ್ಕೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗುವವರು ಕೆಲವರು. ಎರಡು ಹೊಡೆದ ಮೇಲೆ ಶುರುವಾಗಿ ಎಂಟರೊಳಗೆ ನಿಲ್ಲುವಂತೆ ಸಾಫ್ಟ್‌ವೇರಿನಲ್ಲಿ ಹೊಂದಿಸಿಟ್ಟವರು ಕೆಲವರು. ಎಂಟು ಹೊಡೆದು ಐದು ನಿಮಿಷವಾದರೂ ಮೀಟರ್ ಓಡಿತೆಂದೇ ಲೆಕ್ಕ. ಇದರ ಗೊಡವೆಯೇ ಬೇಡವೆಂದವರು ಹೋಮ್ ಯುಎಲ್ 900 ಹಾಕಿಸಿಕೊಂಡರು. ಅಲ್ಲಿ ಮಿತಿಯಿಲ್ಲ, ವೇಗ ಮಾತ್ರ 256 ಕೆಬಿಪಿಎಸ್‌ಗೆ ಕಟ್ಟಿಹಾಕಿದ್ದು. ಮಿತಿಯಿಲ್ಲದ ನಿಧಾನವೋ, ಮಿತಿಯುಳ್ಳ ವೇಗವೋ ಎಂಬ ಚರ್ಚೆ ಆ ಕಾಲದ ಇಂಟರ್‌ನೆಟ್ ಮನೆಗಳಲ್ಲೆಲ್ಲ ನಡೆಯಿತು.

ಕೆಲವು ಸಲ ತಪ್ಪು ಮನೆಯ ತಂತಿಯದೂ ಆಗಿರಲಿಲ್ಲ, ಕಂಪನಿಯದೂ ಆಗಿರಲಿಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಭಾರತದ ಹೊರದೇಶಿ ಸಂಪರ್ಕದ ಅರ್ಧದಷ್ಟು ಹೋಯಿತು. ಊರೊಳಗಿನ ಸಂಚಾರವೂ ಸುತ್ತಿ ಬಳಸಿ ಹೋಗುತ್ತಿದ್ದ ಕಾಲ ಇತ್ತು. ಒಂದೇ ಊರಿನಲ್ಲಿ ಬೇರೆ ಬೇರೆ ಕಂಪನಿಯ ಸಂಪರ್ಕವಿದ್ದ ಇಬ್ಬರ ನಡುವಿನ ಮೇಲ್ ಅಮೆರಿಕದ ಮೂಲಕ ಸುತ್ತಿ ಬರುತ್ತಿತ್ತು. ಅದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಕೇಂದ್ರವನ್ನು ಕಟ್ಟಲಾಯಿತು.

ಅನ್‌ಲಿಮಿಟೆಡ್ ಪಕ್ಕದ ನಕ್ಷತ್ರ

2010ರ ಆಸುಪಾಸಿನಿಂದ ಎಲ್ಲ ಜಾಹೀರಾತುಗಳಲ್ಲೂ ‘ಅನ್‌ಲಿಮಿಟೆಡ್’ ಬಂತು, ಪಕ್ಕದಲ್ಲೊಂದು ಸಣ್ಣ ನಕ್ಷತ್ರ ಚಿಹ್ನೆಯೂ ಬಂತು. ಕೆಳಗೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಎಫ್‌ಯುಪಿ, ನ್ಯಾಯಯುತ ಬಳಕೆಯ ನೀತಿ. ಇಷ್ಟು ಜಿಬಿ ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ಹೆಚ್ಚು ಹಣವೂ ಬೀಳುವುದಿಲ್ಲ. ವೇಗ ಮಾತ್ರ ಪಾತಾಳಕ್ಕಿಳಿಯುತ್ತದೆ. ಮಿತಿಯನ್ನೂ ಆಮೇಲಿನ ವೇಗವನ್ನೂ ಸ್ಪಷ್ಟವಾಗಿ ತಿಳಿಸಬೇಕೆಂದು ಟ್ರಾಯ್ 2012ರಲ್ಲಿ ನಿರ್ದೇಶನ ಕೊಟ್ಟಿತು. 2016ರ ಅಕ್ಟೋಬರ್‌ನಲ್ಲಿ, ಮಿತಿ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗಿಳಿಸುವಂತಿಲ್ಲ ಎಂದಿತು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವೂ 2013ರಲ್ಲಿ 512 ಕೆಬಿಪಿಎಸ್‌ಗೆ, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು.

ಈ ನಡುವೆ ಬೆಂಗಳೂರಿನಲ್ಲಿ ಕೇಬಲ್ ಟಿವಿಯ ಬೇರಿನಿಂದಲೇ ಚಿಗುರಿದ ಕಂಪನಿಯೊಂದು ನಗರದ ಆಯ್ಕೆಯನ್ನು ಬದಲಿಸಿತು. 2000ದಲ್ಲಿ ಹುಟ್ಟಿದ ಏಟ್ರಿಯಾ ಕನ್ವರ್ಜೆನ್ಸ್ ಟೆಕ್ನಾಲಜೀಸ್, ಜನರ ಬಾಯಲ್ಲಿ ಆಕ್ಟ್, ಕಟ್ಟಡದ ಬುಡದವರೆಗೆ ಫೈಬರ್ ತಂದು ಅಲ್ಲಿಂದ ಮನೆಗಳಿಗೆ ಲ್ಯಾನ್ ಕೇಬಲ್ ಎಳೆಯಿತು. ತಾಮ್ರದ ದೂರದ ತೊಡಕು ಅಲ್ಲಿಲ್ಲ. 2017ರಲ್ಲಿ ಅದು ಹೈದರಾಬಾದಿನ ಮನೆಗಳಿಗೆ 1 ಜಿಬಿಪಿಎಸ್ ಸಂಪರ್ಕ ಪ್ರಕಟಿಸಿದಾಗ ತಿಂಗಳಿಗೆ 5,999 ರೂಪಾಯಿ ಬೆಲೆ ಇಟ್ಟಿತ್ತು.

ಫೈಬರ್ ಹರಡಿದ ಹಾಗೆಲ್ಲ ಬೆಂಗಳೂರಿನ ಮರ, ಕಂಬಗಳ ಮೇಲೆ ಕೇಬಲ್ ಸುರುಳಿಗಳು ಜೋತಾಡತೊಡಗಿದವು. ಅನುಮತಿ ಪಡೆದು ನೆಲದಡಿ ಎಳೆಯುವುದು ದುಬಾರಿ, ಮೇಲೆ ಎಳೆಯುವುದು ಸಲೀಸು. ನಗರಾಡಳಿತ ಆಗಾಗ ಕಾರ್ಯಾಚರಣೆ ಹೂಡಿ ಕತ್ತರಿಸಿ ಹಾಕುತ್ತದೆ. ಒಂದಿಡೀ ಬಡಾವಣೆ ಇಂಟರ್‌ನೆಟ್ ಇಲ್ಲದೆ ಕೂರುತ್ತದೆ. ಎರಡು ಕಂಪನಿಗಳ ಸಂಪರ್ಕ ಇಟ್ಟುಕೊಂಡವರಿಗೂ ಆ ದಿನ ನೆಮ್ಮದಿಯಿಲ್ಲ, ಎರಡೂ ಒಂದೇ ಮರ ಹಿಡಿದು ಬಂದಿದ್ದರೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಮೊಬೈಲ್ ಸೇವೆ ಡೇಟಾದ ಬೆಲೆಯನ್ನು ನೆಲಕಚ್ಚಿಸಿದ ಮೇಲೆ ಮನೆಯ ಸಂಪರ್ಕದವರೂ ಸುಮ್ಮನಿರುವಂತಿರಲಿಲ್ಲ. 2019ರ ಅದೇ ತಾರೀಕಿಗೆ ಜಿಯೋ ಫೈಬರ್ 699 ರೂಪಾಯಿಯಿಂದ 8,499ರವರೆಗಿನ ಯೋಜನೆಗಳೊಂದಿಗೆ ಬಂತು. ಒಂದು ವರ್ಷದೊಳಗೆ ಪಟ್ಟಿ ಮತ್ತೆ ಬದಲಾಗಿ 30 ಎಂಬಿಪಿಎಸ್ ವೇಗಕ್ಕೆ 399 ರೂಪಾಯಿ ಆಯಿತು. ಬೆನ್ನಿಗೇ ಏರ್‌ಟೆಲ್ 499ಕ್ಕೆ 40 ಎಂಬಿಪಿಎಸ್, ಬಿಎಸ್‌ಎನ್‌ಎಲ್ 449ಕ್ಕೆ 30 ಎಂಬಿಪಿಎಸ್ ಎಂದವು. ‘ಅನ್‌ಲಿಮಿಟೆಡ್’ ಎಂಬುದಕ್ಕೆ ತಿಂಗಳಿಗೆ 3.3 ಟಿಬಿ ಎಂಬ ಗಡಿ ರೂಢಿಯಾಯಿತು. ದಿನಕ್ಕೆ 110 ಜಿಬಿ. ಸಾಮಾನ್ಯ ಮನೆ ಎಷ್ಟು ಸಿನಿಮಾ ನೋಡಿದರೂ ಅದನ್ನು ಮುಟ್ಟುವುದಿಲ್ಲ. ಎಂಬಿಯ ಲೆಕ್ಕ ಅಲ್ಲಿಗೆ ಸತ್ತಿತು.

ಅಡಿಕೆ ತೋಟದ ಫೈಬರ್

2020ರ ಮಾರ್ಚ್‌ನ ಲಾಕ್‌ಡೌನ್ ಈ ಕಥೆಯನ್ನು ಊರುಗಳ ಕಡೆ ತಿರುಗಿಸಿತು. ಬೆಂಗಳೂರಿನ ಐಟಿ ನೌಕರರು ಲ್ಯಾಪ್‌ಟಾಪ್ ಹೊತ್ತು ಸಾಗರ, ಶಿರಸಿ, ಸುಳ್ಯಗಳ ಮನೆಗೆ ಮರಳಿದರು. ಮಕ್ಕಳಿಗೆ ಆನ್‌ಲೈನ್ ತರಗತಿ ಶುರುವಾಯಿತು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಮಳೆಯಲ್ಲಿ ಪ್ಲಾಸ್ಟಿಕ್ ಹೊದೆಸಿದ ಗುಡಿಸಲು ಕಟ್ಟಿಕೊಂಡು ಪಾಠ ಕೇಳಿದ ವಿದ್ಯಾರ್ಥಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗು ಎದ್ದಿತು.

ಅಂಥ ಕಡೆ ಫೈಬರ್ ಮನೆ ತಲುಪಿದ್ದು ಬಹುಪಾಲು ಸ್ಥಳೀಯ ಕೇಬಲ್ ಆಪರೇಟರ್‌ಗಳ ಕೈಯಿಂದ. ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನವರೆಗೆ ಸಂಪರ್ಕ ಕೊಡುತ್ತದೆ. ಅಲ್ಲಿಂದ ತೋಟ, ಹಳ್ಳ, ಗುಡ್ಡ ದಾಟಿಸುವ ಕೆಲಸ ಊರಿನ ಪಾಲುದಾರರದು, ಬಂದ ಆದಾಯದಲ್ಲಿ ಅವರಿಗೂ ಪಾಲು. ಕಪ್ಪು ಕೇಬಲ್ ಅಡಿಕೆ ಮರದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಕರೆಂಟ್ ಕಂಬಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಸೋಗೆ ಬಿದ್ದರೂ ಸಾಕು, ಮನೆಯೊಳಗಿನ ಪೆಟ್ಟಿಗೆಯ ‘ಲಾಸ್’ ದೀಪ ಕೆಂಪಾಗುತ್ತದೆ. ಆಗ ಆಪರೇಟರ್ ಹುಡುಗ ಬೈಕಿನಲ್ಲಿ ಸ್ಪ್ಲೈಸಿಂಗ್ ಮೆಷಿನ್ ಕಟ್ಟಿಕೊಂಡು ಬರುತ್ತಾನೆ. ಕೂದಲೆಳೆಯಂಥ ಗಾಜಿನ ಎರಡು ತುದಿಗಳನ್ನು ಒರೆಸಿ, ನೇರ ಕತ್ತರಿಸಿ, ಮೆಷಿನ್ನಿನೊಳಗೆ ಎದುರುಬದುರು ಇಡುತ್ತಾನೆ. ಒಂದು ಕಿಡಿ, ಎಳೆ ಒಂದಾಗುತ್ತದೆ. ಆಮೇಲೆ ಪವರ್ ಮೀಟರ್ ಹಚ್ಚಿ ಬೆಳಕಿನ ಬಲ ನೋಡುವುದು. ಮೈನಸ್ 20 ಡಿಬಿಎಂನ ಸುತ್ತ ಬಂದರೆ ಖುಷಿ, ಮೈನಸ್ 27ಕ್ಕಿಂತ ಕೆಳಗಾದರೆ ಇನ್ನೆಲ್ಲೋ ತಂತಿ ಮಡಚಿ ಬಾಗಿದೆ ಎಂದು ತೋಟಕ್ಕೆ ಮತ್ತೆ ಇಳಿಯುವುದು.

ತಂತಿಯ ಗೋಜೇ ಇಲ್ಲದ ಹೊಸ ಸರಕೂ ಬಂದಿದೆ. 2023ರ ಗಣೇಶ ಚತುರ್ಥಿಯಂದು ಜಿಯೋ ಏರ್‌ಫೈಬರ್ ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಶುರುವಾಯಿತು. ಏರ್‌ಟೆಲ್ ಅದಕ್ಕೆ ಒಂದು ತಿಂಗಳ ಮೊದಲೇ ದೆಹಲಿ, ಮುಂಬಯಿಗಳಲ್ಲಿ ಶುರು ಮಾಡಿತ್ತು. 5ಜಿ ಗೋಪುರದಿಂದ ನೇರ ಮನೆಯ ಪೆಟ್ಟಿಗೆಗೆ. ಅಲ್ಲಿ ನೋಡಬೇಕಾದ್ದು ತಂತಿಯ ಬದಲು ಗೋಪುರ ಎಷ್ಟು ಹತ್ತಿರ, ಅದನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನು.

ಹೀಗೆ ವೇಗದಲ್ಲೂ ಬೆಲೆಯಲ್ಲೂ ಕಂಪನಿಗಳು ಹೆಚ್ಚುಕಡಿಮೆ ಸಮಸಮ ಆದ ಮೇಲೆ ಹೋಲಿಕೆ ಬೇರೆ ಅಂಕಣಗಳಿಗೆ ಸರಿದಿದೆ. ಜಾಹೀರಾತಿನ ಬೆಲೆಗೆ ಶೇ. 18 ಜಿಎಸ್‌ಟಿ ಸೇರಿದರೆ ಎಷ್ಟಾಗುತ್ತದೆ, ಆ ದರಕ್ಕೆ ಆರು ತಿಂಗಳ ಹಣ ಒಟ್ಟಿಗೆ ಕಟ್ಟಬೇಕೇ, ರೂಟರ್ ಯಾರದು, ಜೊತೆಗೆ ಕೊಡುವ ಒಟಿಟಿ ಮನೆಯಲ್ಲಿ ಯಾರಾದರೂ ನೋಡುತ್ತಾರೆಯೇ, ವಿಡಿಯೋ ಕರೆಗೆ ಬೇಕಾದ ಅಪ್‌ಲೋಡ್ ವೇಗವೂ ಡೌನ್‌ಲೋಡಿನಷ್ಟೇ ಇದೆಯೇ. ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಒಂದೇ ಕಂಪನಿಯನ್ನು ಒಳಗೆ ಬಿಟ್ಟಿದ್ದರೆ ಈ ಪ್ರಶ್ನೆಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಗುಣಮಟ್ಟ ನಿಯಮಗಳಲ್ಲಿ ಸಂಪರ್ಕ ಕೊಡುವುದಕ್ಕೂ ಕೆಟ್ಟದ್ದನ್ನು ಸರಿಪಡಿಸುವುದಕ್ಕೂ ದಿನಗಳ ಗಡುವು ಇದೆ. ಹಣ ಕಟ್ಟಿದ 7 ದಿನದೊಳಗೆ ಬಹುತೇಕ ಎಲ್ಲ ಸಂಪರ್ಕಗಳೂ ಚಾಲೂ ಆಗಬೇಕು. ದೋಷ 3 ದಿನ ಮೀರಿದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು. ಬಡಾವಣೆಗಳಲ್ಲಾಗಲಿ ಹಳ್ಳಿಗಳಲ್ಲಾಗಲಿ ಹೊಸ ಸಂಪರ್ಕ ಹಾಕಿಸುವವರು ಸರಿಪಡಿಸುವ ಈ ಗಡುವನ್ನು ಮೊದಲಿನಿಂದಲೂ ತಮ್ಮದೇ ರೀತಿಯಲ್ಲಿ ವಿಚಾರಿಸುತ್ತಲೇ ಇದ್ದಾರೆ. ಅದೇ ಕಂಪನಿಯ ಸಂಪರ್ಕವಿರುವ ಪಕ್ಕದ ಮನೆಯವರನ್ನು ಕರೆದು ಅವರು ಮೊದಲು ಕೇಳುವುದು, “ಕೆಟ್ರೆ ಎಷ್ಟು ದಿನಕ್ಕೆ ಬರ್ತಾರೆ?” ಅಂತ.